ಕೆಳಗಿನ ಮನೆಯವರು ನನಗೆ ಗೊತ್ತಿಲ್ಲ

ಹ್ಯಾಂಬರ್ಗ್‌ನಲ್ಲಿ ಕಳೆದ ಆ ವರ್ಷಗಳನ್ನು ನೆನೆದರೆ ನನಗೆ ಮೊದಲು ಕಾಣುವುದು ಮಂಜು. ಕೆಲಸಕ್ಕೆ ಹೋಗಲು ದಿನಾ ಬೆಳಿಗ್ಗೆ ನದಿ ದಾಟಬೇಕಿತ್ತು. ಫೆರಿ ದಡ ಬಿಟ್ಟ ಎರಡೇ ನಿಮಿಷಕ್ಕೆ ಹಿಂದಿನ ಊರು ಅಳಿಸಿಹೋಗುತ್ತಿತ್ತು, ಮುಂದಿನ ದಡ ಇನ್ನೂ ಹುಟ್ಟಿರುತ್ತಿರಲಿಲ್ಲ. ನಡುವೆ ಬಂದರಿನ ಕ್ರೇನುಗಳ ತಲೆಗಳಷ್ಟೇ ತೇಲುತ್ತಿದ್ದವು. ಆ ಅರ್ಧ ಗಂಟೆ ನಾನು ಯಾರೂ ಆಗಿರುತ್ತಿರಲಿಲ್ಲ. ಅದೆಷ್ಟು ಸುಖವೆಂದು ಆಗ ಗೊತ್ತಿರಲಿಲ್ಲ. ನೀನು ಯಾರು ಎಂದು ಎಲ್ಲರೂ ಕೇಳತೊಡಗಿದ ಮೇಲೆ ಗೊತ್ತಾಯಿತು.

ನಾನು ಅಲ್ಲಿಗೆ ಬಂದದ್ದು ಗ್ರೀನ್ ಕಾರ್ಡ್ ಮೇಲೆ. ಕಂಪ್ಯೂಟರ್ ಕೆಲಸ ಬಲ್ಲವರಿಗೆ ಜರ್ಮನಿಯವರು ಐದು ವರ್ಷಕ್ಕೆಂದು ಕೊಡುತ್ತಿದ್ದ ಪರವಾನಗಿ ಅದು. ನಮ್ಮ ಗದಗಿನಲ್ಲಿ ಗ್ರೀನ್ ಕಾರ್ಡ್ ಎಂದರೆ ಅಮೆರಿಕವೇ. ಸೋದರತ್ತೆ ಓಣಿಯ ತುಂಬ ನಾನು ಅಮೆರಿಕಕ್ಕೆ ಹೋದೆನೆಂದು ಸಾರಿದ್ದಳು. ತಿದ್ದಲು ಹೋದ ಅವ್ವನಿಗೆ "ಎರಡೂ ಒಂದ ಬಿಡ, ಇಮಾನದಾಗ ಹೋಗೂದು" ಎಂದಳಂತೆ. ನಿಜಕ್ಕೂ ಅಮೆರಿಕದಲ್ಲಿದ್ದವಳು ನನ್ನ ಅಕ್ಕ. ಅಲ್ಲಿಯ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ಭಾವನಿಗೆ ಅದೇ ಊರಿನ ಔಷಧದ ಅಂಗಡಿಯಲ್ಲಿ ಕೆಲಸ.

ನನ್ನ ಹೆಸರಿನ ವಿಷಯವನ್ನು ಇಲ್ಲೇ ಹೇಳಿಬಿಡಬೇಕು. ಹೆಸರು ಬರೆಯುವುದಿಲ್ಲ, ಅದರ ಕಥೆ ಸಾಕು. ಅಕ್ಕನ ಬೆನ್ನಿಗೆ ಹುಟ್ಟಿದ ಎರಡು ಕೂಸುಗಳು ಉಳಿಯಲಿಲ್ಲ. ಮೂರನೆಯದಕ್ಕೆ ಬಸುರಿಯಾದಾಗ ಅವ್ವ ಮೊಹರಮ್ಮಿನ ಅಲಾಯಿ ದೇವರ ಮುಂದೆ ನಿಂತು, ಇದೊಂದನ್ನು ಉಳಿಸಿಕೊಡು, ನಿನ್ನ ಹೆಸರೇ ಇಡುತ್ತೇನೆ, ಐದು ವರ್ಷ ಫಕೀರನನ್ನು ಮಾಡುತ್ತೇನೆ ಎಂದು ಹರಕೆ ಹೊತ್ತಳು. ನಾನು ಉಳಿದೆ. ಕರ್ಬಲದ ಕಾಳಗದಲ್ಲಿ ಮಡಿದ ಪುಣ್ಯಾತ್ಮನ ಹೆಸರಿಗೆ ಒಂದು 'ಅಪ್ಪ' ಸೇರಿಸಿ ನನ್ನನ್ನು ಕರೆದರು. ನಮ್ಮ ಕಡೆ ಇದೇನೂ ವಿಶೇಷವಲ್ಲ. ನಮ್ಮ ಶಾಲೆಯಲ್ಲಿ ಇಂಥ ಹೆಸರಿನ ಹಿಂದೂ ಹುಡುಗರು ನಾಲ್ಕು ಮಂದಿ ಇದ್ದೆವು. ಮಾಸ್ತರರು ಹಾಜರಿ ಕೂಗುವಾಗ ಯಾರೂ ಹೊರಳಿ ನೋಡುತ್ತಿರಲಿಲ್ಲ. ಹಬ್ಬ ಬಂದರೆ ಕೊರಳಿಗೆ ಕೆಂಪು ಲಾಡಿ ಕಟ್ಟಿ, ಐದು ಮನೆ ಬೇಡಿಸಲು ನನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಹೋಗುತ್ತಿದ್ದವಳು ಅಕ್ಕನೇ. ಅವಳಿಗಾಗ ಎಂಟೋ ಒಂಬತ್ತೋ ವರ್ಷ.

ಹ್ಯಾಂಬರ್ಗ್‌ನ ನನ್ನ ಮನೆ ಮೂರನೆಯ ಮಹಡಿಯಲ್ಲಿತ್ತು. ಬಾಗಿಲಿನ ಗಂಟೆಯ ಪಕ್ಕದ ಗೇಣುದ್ದವೂ ಇಲ್ಲದ ಪಟ್ಟಿಯಲ್ಲಿ 'ಅಪ್ಪ' ಹಿಡಿಸಲಿಲ್ಲ. ಕಟ್ಟಡ ನೋಡಿಕೊಳ್ಳುವವನು ಮೊದಲ ಅರ್ಧವನ್ನಷ್ಟೇ ಬರೆದು ಅಂಟಿಸಿದ. ಅದನ್ನು ಓದಿಕೊಂಡು ಒಂದು ದಿನ ಕೆಳಗಿನ ಮನೆಯವರು ಮೇಲೆ ಬಂದರು. ಬಿಳಿ ಮೀಸೆಯ ತುರ್ಕಿ ಮುದುಕ. ಮೂವತ್ತು ವರ್ಷ ಹಡಗುಕಟ್ಟೆಯಲ್ಲಿ ಬೆಸುಗೆ ಕೆಲಸ ಮಾಡಿ ನಿವೃತ್ತರಾದವರು, ಹೆಂಡತಿ ತೀರಿಕೊಂಡು ಒಬ್ಬರೇ ಇದ್ದವರು. ಕೈಯಲ್ಲಿ ಒಂದು ಬಟ್ಟಲಿತ್ತು. ಮುಚ್ಚಳ ತೆಗೆದರೆ ಗೋದಿ ಹುಗ್ಗಿ. ಮೇಲೆ ದಾಳಿಂಬೆ ಕಾಳು ಉದುರಿಸಿದ್ದರು, ಅಷ್ಟೇ ವ್ಯತ್ಯಾಸ. ತಮ್ಮ ಮಂದಿ ಮೊಹರಮ್ಮಿನಲ್ಲಿ ಇದನ್ನು ಮಾಡಿ ನೆರೆಹೊರೆಗೆಲ್ಲ ಹಂಚುತ್ತಾರೆ ಎಂದರು.

ನಾವಿಬ್ಬರೂ ಮಾತಾಡುತ್ತಿದ್ದುದು ಜರ್ಮನ್. ಅವರದು ಹಳೆಯದು, ನನ್ನದು ಹೊಸದು, ಎರಡೂ ಕುಂಟು. ಆದರೆ ನನ್ನ ನೆನಪಿನಲ್ಲಿ ಅವರು ಮಾತಾಡುವುದು ನಮ್ಮ ಗದಗಿನ ಕಡೆಯ ಕನ್ನಡವನ್ನೇ. ಎಷ್ಟು ಯೋಚಿಸಿದರೂ ಅವರ ಜರ್ಮನ್ ಮಾತು ಒಂದೂ ಕಿವಿಗೆ ಬರುವುದಿಲ್ಲ. ಅದಕ್ಕೇ ಹಾಗೇ ಬರೆಯುತ್ತೇನೆ. ಮನಸ್ಸಿನಲ್ಲಿ ಅವರನ್ನು ಕಾಕಾ ಎಂದು ಕರೆದುಕೊಂಡೆ, ಸ್ವಲ್ಪ ದಿನಕ್ಕೆ ಬಾಯಲ್ಲೂ ಅದೇ ಬಂತು.

ನಾನು ಮುಸ್ಲಿಮನಲ್ಲವೆಂದು ಅವತ್ತೇ ಹೇಳಿದೆ. ಅವ್ವನ ಹರಕೆ, ಹಬ್ಬಕ್ಕೆ ಬೆಂಕಿ ಹಾಕುವ ಅಲಾಯಿ ಕುಣಿಯ ಕೆಂಡ, ಕೆಂಪು ಲಾಡಿ, ಎಲ್ಲ ಹೇಳಿದೆ. ಕಾಕಾ ತಲೆ ಅಲ್ಲಾಡಿಸುತ್ತ ಕೇಳಿದರು. ಕಣ್ಣು ತುಂಬಿಕೊಂಡವು.

"ಹಂಗಂದ್ರ ನಿಮ್ಮವ್ವ ನಮ್ಮಾಕಿ ಆದ್ಲು" ಎಂದರು. "ನೀ ನಿಮ್ಮವ್ವನ ಮಗ. ಹುಗ್ಗಿ ತಿನ್ನು, ಆರತೈತಿ."

ಅವರದು ಅಲಿಯನ್ನು ನಂಬುವ ಪಂಥ. ಅವರ ದೇಶದಲ್ಲೇ ಅವರನ್ನು ಹಲವರು ಮುಸ್ಲಿಮರೆಂದು ಒಪ್ಪುವುದಿಲ್ಲವೆಂದು ಆಮೇಲೆ ಒಮ್ಮೆ ಹೇಳಿದ್ದರು. ಆಗ ಅದನ್ನು ಅರ್ಧ ಕಿವಿಯಲ್ಲಿ ಕೇಳಿದ್ದೆ. ಅಲ್ಲಿಂದ ಪ್ರತಿ ಭಾನುವಾರ ಮಧ್ಯಾಹ್ನ ನಾನು ಕೆಳಗಿಳಿದು ಹೋಗುವುದು, ಅವರು ಮಾಡಿದ ಬೇಳೆಯ ಸಾರನ್ನು ಬ್ರೆಡ್ಡಿನೊಂದಿಗೆ ಉಣ್ಣುವುದು ರೂಢಿಯಾಯಿತು. ಕಿಟಕಿಯ ಹೊರಗೆ ಮಳೆ, ಒಳಗೆ ಜೀರಿಗೆಯ ವಾಸನೆ. ಉಂಡು ಅವರ ಸೋಫಾದಲ್ಲೇ ನಿದ್ದೆ ಹೋಗುತ್ತಿದ್ದೆ. ಎಚ್ಚರವಾದಾಗ ಯಾವ ಊರು, ಯಾವ ವಯಸ್ಸು ಎಂದು ಕೆಲವು ಕ್ಷಣ ಹೊಳೆಯುತ್ತಿರಲಿಲ್ಲ, ಮೈಮೇಲೆ ಮಾತ್ರ ಯಾರೋ ಹೊದಿಸಿದ ಉಣ್ಣೆಯ ಶಾಲು ಇರುತ್ತಿತ್ತು.

ಆ ಸೆಪ್ಟೆಂಬರಿನಲ್ಲಿ ಅಮೆರಿಕದ ಎರಡು ದೊಡ್ಡ ಕಟ್ಟಡಗಳು ಬಿದ್ದವು. ಕೆಡವಿದವರಲ್ಲಿ ಕೆಲವರು ಹ್ಯಾಂಬರ್ಗ್‌ನಲ್ಲೇ ಇದ್ದು ಓದಿದವರೆಂದು ವಾರದೊಳಗೆ ಗೊತ್ತಾಯಿತು. ಫೆರಿಯಲ್ಲಿ ನನ್ನ ಪಕ್ಕದ ಸೀಟು ಖಾಲಿ ಉಳಿಯತೊಡಗಿತು. ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೆ ಜಗಳವನ್ನಾದರೂ ಆಡಬಹುದಿತ್ತು, ನನಗೆ ಅದು ಚೆನ್ನಾಗಿ ಬರುತ್ತದೆ. ಖಾಲಿ ಸೀಟಿನ ಜೊತೆ ಹೇಗೆ ಜಗಳವಾಡುವುದು?

ಅಕ್ಕನ ಊರಿನಲ್ಲಿ ಮಾತ್ರ ಅನ್ನುತ್ತಿದ್ದರು. ಎರಡು ದಿನಕ್ಕೊಮ್ಮೆ ಫೋನ್ ಮಾಡುತ್ತಿದ್ದಳು. ಅವಳ ದನಿ ಸಮುದ್ರದಡಿಯಿಂದ ಬಂದಂತೆ ಒಂದು ಕ್ಷಣ ತಡವಾಗಿ ಕೇಳುತ್ತಿತ್ತು.

"ಪಕ್ಕದ ಊರಾಗ ಪೆಟ್ರೋಲ್ ಬಂಕಿನ ಸರ್ದಾರ್ಜಿಗೆ ಹೊಡದಾರೋ. ರುಮಾಲ ನೋಡಿ ಹೊಡದಾರ. ನಿಮ್ಮ ಭಾವಗ ಅಂಗಡ್ಯಾಗ ಒಬ್ಬಾಂವ ನಿನ್ನ ದೇಶಕ್ಕ ಹೋಗು ಅಂದ. ಎರಡು ವಾರ ಡ್ರೆಸ್ಸಿಂಗ್ ಮಾಡೀನಿ, ಅದ ಪೇಷಂಟ್ ನಿನ್ನೆ ನನ್ನ ಕೈ ಮುಟ್ಟಿಸಿಕೊಳ್ಳಲಿಲ್ಲ."

"ನೀ ಏನಂದಿ?"

"ನಾ ಏನನ್ಲಿ? ಹಣಿಮ್ಯಾಲಿನ ಟಿಕ್ಳಿ ತಗದಬಿಟ್ಟೆ. ಕಾರಿಗೊಂದು, ಬಾಗಿಲಿಗೊಂದು ಅವರ ಧ್ವಜ ಹಚ್ಚೇವಿ. ಯಾರರೆ ನೋಡಿದ್ರ ಮೊದಲ ಹೇಳಿಬಿಡ್ತೀವಿ, ನಾವು ಅವರಲ್ಲ ಅಂತ. ನೀನೂ ಹೇಳು. ನಿನ್ನ ಹೆಸರು ಬ್ಯಾರೆ ಹಂಗೈತಿ."

ನನ್ನನ್ನು ಎತ್ತಿಕೊಂಡು ಐದು ಮನೆ ಬೇಡಿಸಿದವಳ ಬಾಯಲ್ಲಿ 'ನಿನ್ನ ಹೆಸರು ಬ್ಯಾರೆ' ಎಂಬುದನ್ನು ಕೇಳಿ ಸಿಟ್ಟು ಬಂತು. ಆದರೆ ಅವಳ ಮೇಲೆ ಸಿಟ್ಟಾಗುವ ಹಾಗಿರಲಿಲ್ಲ. ಮದುವೆಯಾಗಿ ಒಂಬತ್ತು ವರ್ಷಕ್ಕೆ ಬಸುರಿಯಾಗಿದ್ದಳು. ಜನವರಿಯ ಕೊನೆಗೆ ದಿನ ತುಂಬುತ್ತಿತ್ತು. ಅಕ್ಟೋಬರಿನಲ್ಲಿ ರಕ್ತದೊತ್ತಡ ಏರಿ ಡಾಕ್ಟರು ಕೆಲಸ ಬಿಡಿಸಿ ಅವಳನ್ನು ಮಲಗಿಸಿಬಿಟ್ಟರು. ಅವ್ವನಿಗೆ ವೀಸಾ ಸಿಗಲಿಲ್ಲ. ನಾನು ಬರುತ್ತೇನೆಂದು ಮಾತು ಕೊಟ್ಟಿದ್ದೆ. "ನೀ ಬರ್ತೀಯಿಲ್ಲೋ?" ಎಂದು ಪ್ರತಿ ಫೋನಿನ ಕೊನೆಗೆ ಕೇಳುತ್ತಿದ್ದಳು. ರಜೆ ಸಿಕ್ಕಿತ್ತು. ಅಮೆರಿಕದ ವೀಸಾಕ್ಕೆ ಅರ್ಜಿ ಹಾಕಿದ್ದೆ. ವೀಸಾ ಕಚೇರಿಯ ಕಿಟಕಿಯ ಹಿಂದಿನ ಹೆಣ್ಣುಮಗಳು ನನ್ನ ಪಾಸ್‌ಪೋರ್ಟ್ ಮಡಚಿ, ಕೆಲವು ಹೆಸರುಗಳಿಗೆ ಈಗ ಸಮಯ ಹಿಡಿಯುತ್ತದೆ ಎಂದಿದ್ದಳು. ಕೆಟ್ಟ ದನಿಯಲ್ಲೇನೂ ಅಲ್ಲ.

ಅಲ್ಲಿಂದ ನಾನು ಹೇಳಲು ಶುರುಮಾಡಿದೆ. ಆಫೀಸಿನಲ್ಲಿ, ಬೇಕರಿಯಲ್ಲಿ, ಕೇಳದವರಿಗೂ. ನಾನು ಹಿಂದೂ, ಹೆಸರು ಹೀಗಿದೆ ಅಷ್ಟೇ. ಮೊಟ್ಟೆಯನ್ನೂ ಮುಟ್ಟದ ಮನೆಯಲ್ಲಿ ಬೆಳೆದ ನಾನು ಕ್ಯಾಂಟೀನಿನಲ್ಲಿ ಎಲ್ಲರಿಗೂ ಕಾಣುವಂತೆ ಹಂದಿಯ ಸಾಸೇಜು ಹಾಕಿಸಿಕೊಂಡು ಎರಡು ತುಂಡು ನುಂಗಿದೆ. ಆಮೇಲೆ ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡೆ. ಇಂಥ ಘನಕಾರ್ಯವನ್ನು ನಮ್ಮ ವಂಶದಲ್ಲಿ ಬೇರೆ ಯಾರೂ ಮಾಡಿರಲಿಕ್ಕಿಲ್ಲ.

ನವೆಂಬರಿನ ಒಂದು ಶನಿವಾರ ಬೆಳಿಗ್ಗೆ ಇಬ್ಬರು ಬಂದರು. ಸರ್ಕಾರದ ಕಡೆಯವರು, ಗುರುತಿನ ಚೀಟಿ ತೋರಿಸಿದರು. ಕಾಲೊರೆಸುವ ಚಾಪೆಯ ಮೇಲೆ ಬೂಟು ಚೆನ್ನಾಗಿ ಉಜ್ಜಿ ಒಳಗೆ ಬಂದರು. ಹಿರಿಯವನು ಕೂತ, ಕಿರಿಯವನು ಬರೆದುಕೊಂಡ. ಹೆಸರು, ಊರು, ಕೆಲಸ. ವಿಮಾನಗಳಿಗೆ ಬೇಕಾಗುವ ತಂತ್ರಾಂಶ ಬರೆಯುತ್ತೇನೆ ಎಂದಾಗ ಕಿರಿಯವನ ಪೆನ್ನು ಒಂದು ಕ್ಷಣ ನಿಂತಿತು. ಧರ್ಮ ಯಾವುದೆಂದು ಅವರು ಕೇಳುವ ಮೊದಲೇ ನಾನು ಎದ್ದು, ಫ್ರಿಜ್ಜಿನ ಮೇಲಿದ್ದ ದೇವರ ಪುಟ್ಟ ಮಂಟಪವನ್ನು ತೋರಿಸಿದೆ.

"ಇದು ಗಣಪತಿ. ಇದು ಎಲ್ಲಮ್ಮ. ನೋಡಿ, ನಾನು ಹಿಂದೂ."

ತೋರಿಸುವ ಆತುರದಲ್ಲಿ ಗಣಪತಿಯನ್ನು ಎತ್ತಿದೆ. ಅದರ ಹಿಂದಿನಿಂದ ಹಸಿರು ಬಟ್ಟೆಯ ಗಂಟೊಂದು ಕೆಳಗೆ ಬಿದ್ದು ಬಿಚ್ಚಿಕೊಂಡಿತು. ಅವ್ವ ಕಟ್ಟಿಕೊಟ್ಟ ಅಲಾಯಿ ಕುಣಿಯ ಬೂದಿ. ನೆಲದ ಮೇಲೆ ಬಿಳಿ ಪುಡಿ ಹರಡಿತು. ಆ ದಿನಗಳಲ್ಲಿ ಅಮೆರಿಕದಲ್ಲಿ ಲಕೋಟೆಯೊಳಗೆ ವಿಷದ ಪುಡಿ ಕಳಿಸುತ್ತಿದ್ದರೆಂಬ ಸುದ್ದಿ ಎಲ್ಲ ಪೇಪರಿನಲ್ಲೂ ಇತ್ತು. ಇಬ್ಬರೂ ಉಸಿರು ಹಿಡಿದು ಎರಡು ಹೆಜ್ಜೆ ಹಿಂದೆ ಸರಿದರು.

ನಾನು ಕೂತು ಒಂದು ಚಿಟಿಕೆ ತೆಗೆದು ಹಣೆಗೆ ಹಚ್ಚಿಕೊಂಡೆ, ಒಂದು ಚಿಟಿಕೆ ನಾಲಿಗೆಗೆ ಹಾಕಿಕೊಂಡೆ. ಜ್ವರ ಬಂದರೆ ಅವ್ವ ಮಾಡುತ್ತಿದ್ದ ಹಾಗೆಯೇ. ಹಿರಿಯವನು ಒಂದು ಹೆಜ್ಜೆ ಮುಂದೆ ಬಂದು ಕೇಳಿದ.

"ಯಾವ ದೇವರ ಬೂದಿ ಇದು?"

"ಗಣಪತಿಯದು" ಎಂದೆ.

ಇಷ್ಟು ಸುಲಭವಾಗಿ ಬಂತಲ್ಲ ಸುಳ್ಳು ಎಂದು ಆಶ್ಚರ್ಯವಾಯಿತು. ಆ ಕೋಣೆ, ಆ ಇಬ್ಬರು, ಹಣೆಗೆ ಬೂದಿ ಬಳಿದುಕೊಂಡು ನೆಲದಲ್ಲಿ ಕೂತ ನಾನು, ಎಲ್ಲ ಎಲ್ಲೋ ದೂರದಲ್ಲಿ ನಡೆಯುತ್ತಿದ್ದಂತಿತ್ತು. ಅವರು ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದರು.

"ಕೆಳಗಿನ ಮನೆಯ ತುರ್ಕಿಯವರು ನಿಮಗೆ ಪರಿಚಯವೇ?"

ಕಾಕಾ ಯಾವ ತಪ್ಪೂ ಮಾಡಿದವರಲ್ಲ ಎಂದು ನನಗೆ ಗೊತ್ತಿತ್ತು. ಪರಿಚಯ ಎಂದಿದ್ದರೆ ಬಹುಶಃ ಏನೂ ಆಗುತ್ತಿರಲಿಲ್ಲ. ಆದರೆ ಕಣ್ಣ ಮುಂದೆ ಮಡಚಿಟ್ಟ ನನ್ನ ಪಾಸ್‌ಪೋರ್ಟ್ ಬಂತು, ಹಾಸಿಗೆಯ ಮೇಲೆ ಮಲಗಿದ್ದ ಅಕ್ಕ ಬಂದಳು.

"ಕೆಳಗಿನ ಮನೆಯವರು ನನಗೆ ಗೊತ್ತಿಲ್ಲ" ಎಂದೆ. "ಮೆಟ್ಟಿಲಲ್ಲಿ ನೋಡಿರಬಹುದು."

ಅವರು ಇಳಿದುಹೋದರು. ಕೆಳಗೆ ಕಾಕಾನ ಮನೆಯ ಗಂಟೆ ಬಾರಿಸಿದ್ದು ಕೇಳಿತು. ನಾನು ಬಾಗಿಲು ಹಾಕಿ, ಒದ್ದೆ ಬಟ್ಟೆಯಿಂದ ನೆಲ ಒರೆಸಿದೆ. ಮರುದಿನ ಭಾನುವಾರ ಕೆಳಗೆ ಹೋಗಲಿಲ್ಲ, ಜ್ವರವೆಂದು ಚೀಟಿ ಬರೆದು ಬಾಗಿಲ ಸಂದಿಯಲ್ಲಿ ತೂರಿಸಿದೆ. ಸಂಜೆ ನನ್ನ ಬಾಗಿಲ ಹೊರಗೆ ಸಾರಿನ ಪಾತ್ರೆ ಇತ್ತು.

ವಾರ ಕಳೆದು ಹಿರಿಯವನು ಆಫೀಸಿಗೆ ಫೋನ್ ಮಾಡಿದ. ಅದೇ ಸೌಜನ್ಯದ ದನಿ.

"ನೀವು ಅವರನ್ನು ಅರಿಯೆ ಅಂದಿರಿ. ಅವರು ನೀವು ತಮ್ಮ ಮಗನ ಹಾಗೆ, ಪ್ರತಿ ಭಾನುವಾರ ತಮ್ಮಲ್ಲೇ ಊಟ ಮಾಡುತ್ತೀರಿ ಅಂದಿದ್ದಾರೆ. ಒಳ್ಳೆಯ ಹುಡುಗ, ನಾನು ಜವಾಬ್ದಾರಿ ಅಂತಲೂ ಅಂದರು. ಇಬ್ಬರಲ್ಲಿ ಯಾರು ಹೇಳಿದ್ದು ನಿಜ?"

ಸುತ್ತ ಸಹೋದ್ಯೋಗಿಗಳು ಕೂತಿದ್ದರು. ಯಾರೂ ಕೇಳಿಸಿಕೊಳ್ಳದವರಂತೆ ಟೈಪ್ ಮಾಡುತ್ತಿದ್ದರು. ಸತ್ಯ ಹೇಳಲು ಅದೇ ಸಮಯವಾಗಿತ್ತು. ಅಧಿಕಾರಿಯೇ ಅದಕ್ಕೆ ದಾರಿ ತೆರೆದುಕೊಟ್ಟಿದ್ದ.

"ವಯಸ್ಸಾದವರು" ಎಂದೆ. "ಬೇರೆ ಯಾರನ್ನೋ ನಾನೆಂದು ತಿಳಿದಿರಬೇಕು. ತಲೆ ಅಷ್ಟು ಸರಿ ಇಲ್ಲವೇನೋ."

"ಹಾಗಾದರೆ ಅವರನ್ನೇ ಇನ್ನೊಮ್ಮೆ ಕೇಳುತ್ತೇವೆ" ಎಂದು ಅವನು ಫೋನ್ ಇಟ್ಟ.

ಅವತ್ತು ನಾಲ್ಕಕ್ಕೇ ಕೆಲಸ ಬಿಟ್ಟು ಹೊರಟೆ. ಫೆರಿಯಲ್ಲಿ ಕೂರಲಾಗದೆ ಹೊರಗಿನ ಕಟಕಟೆ ಹಿಡಿದು ನಿಂತೆ. ನಾನು ಹೋಗುತ್ತಿದ್ದುದು ಕ್ಷಮೆ ಕೇಳಲು ಎಂದು ಬರೆಯಬಹುದು, ಓದುವವರು ನಂಬಲೂಬಹುದು. ನಿಜವೆಂದರೆ, ನನ್ನ ಮಾತಿಗೆ ಸರಿಹೊಂದುವಂತೆ ಮಾತಾಡಿ ಎಂದು ಕಾಕಾನಲ್ಲಿ ಬೇಡಿಕೊಳ್ಳಲು ಹೋಗುತ್ತಿದ್ದೆ. ಆ ಅಧಿಕಾರಿಗಳು ಬರುವ ಮೊದಲೇ ನಾನು ಅವರನ್ನು ಹಿಡಿಯಬೇಕಿತ್ತು.

ಕಾಕಾ ಬಾಗಿಲು ತೆರೆದು ನನ್ನ ರಟ್ಟೆ ಹಿಡಿದು ಒಳಗೆಳೆದುಕೊಂಡರು, ಬಾಗಿಲು ಹಾಕಿ ಚಿಲಕ ಸರಿಸಿದರು. ಮೇಜಿನ ಮೇಲೆ ಮೂರು ಟೀ ಗ್ಲಾಸು. ಎರಡನ್ನು ಯಾರೂ ಮುಟ್ಟಿರಲಿಲ್ಲ.

"ಬಂದು ಹೋದ್ರು" ಎಂದರು. ಮೀಸೆಯಡಿಯಲ್ಲಿ ನಗುತ್ತಿದ್ದರು. "ನೀ ನನ್ನ ಗೊತ್ತಿಲ್ಲ ಅಂದಿ ಅಂತ ಹೇಳಿದ್ರು. ಆಗಿಂದಾಗ ತಿಳೀತು ನನಗ. ಅಯ್ಯೋ ಹೌದ್ರಿ, ಮುದುಕ ಆಗೇನಿ, ಮೊದಲ ಮ್ಯಾಲ ಇದ್ದ ಹುಡುಗನ್ನ ಇವನ ಅಂತ ತಿಳಕೊಂಡೆ ಅಂದೆ. ಕನ್ನಡಕ ತಗದು ಕಣ್ಣ ಒರಸಿಕೊಂಡೆ. ನಂಬಿದ್ರು."

ನಾನು ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದರು.

"ನೀ ಶಾಣ್ಯಾ ಅದಿ. ನಮ್ಮ ಊರಾಗ ನಾ ಸಣ್ಣಾಂವಿದ್ದಾಗ ಗಲಾಟಿ ಆಗ್ತಿದ್ವು. ನಮ್ಮವ್ವ ಕಲಿಸಿದ್ಲು, ಪ್ಯಾಟ್ಯಾಗ ನಮ್ಮ ಮಂದಿ ಕಂಡ್ರ ಮಾತಾಡಸಬ್ಯಾಡ, ಗೊತ್ತಿಲ್ಲ ಅನ್ನು, ಅವರು ಉಳೀತಾರ ಅಂತ. ನಿನಗ ಯಾರೂ ಕಲಿಸಿಲ್ಲ, ಆದ್ರೂ ನನ್ನ ಹೆಸರು ಬಾಯಾಗ ತರಲಿಲ್ಲ ನೀನು. ನಾ ಹುಚ್ಚ, ಮಗ ಅಂತ ಹೇಳಿ ನಿನ್ನ ಕುತ್ತಿಗಿಗೆ ತಂದೆ."

ನಾನು ಅವರನ್ನು ಉಳಿಸಲು ಸುಳ್ಳು ಹೇಳಿದೆನೆಂದು ಅವರು ತಿಳಿದಿದ್ದರು. ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಮುತ್ತಿಟ್ಟರು. ಆ ಕೈಗಳಲ್ಲಿ ಬೆಸುಗೆಯ ಹಳೆಯ ಸುಟ್ಟ ಕಲೆಗಳಿದ್ದವು. ಹಾಗಲ್ಲ ಕಾಕಾ, ನಾನು ನನ್ನನ್ನು ಉಳಿಸಿಕೊಂಡೆ, ನಿಮ್ಮ ತಲೆ ಸರಿ ಇಲ್ಲವೆಂದೂ ಹೇಳಿದೆ, ಎನ್ನಬೇಕಿತ್ತು. ಅವರು ತಟ್ಟೆಗೆ ಸಾರು ಬಡಿಸಿದರು. ಉಂಡೆ.

"ಇನ್ನ ಕೆಳಗ ಬರಬ್ಯಾಡ" ಎಂದರು ಉಂಡಾದ ಮೇಲೆ. "ಮೆಟ್ಟಲದಾಗ ಕಂಡ್ರ ನಾ ಯಾರೋ, ನೀ ಯಾರೋ. ನಿಮ್ಮಕ್ಕನ ಕಡೆ ಹೋಗಿ ಬಾ."

ಡಿಸೆಂಬರಿನ ಕೊನೆಯ ವಾರ ವೀಸಾ ಬಂತು. ಅಕ್ಕನ ಮನೆ ಮುಟ್ಟಿದಾಗ ಹಿಮ ಬೀಳುತ್ತಿತ್ತು. ಬಾಗಿಲಿನ ಧ್ವಜ ತೊಯ್ದು ಕೋಲಿಗೆ ಸುತ್ತಿಕೊಂಡಿತ್ತು. ಅವಳು ಊದಿದ ಕಾಲು ದಿಂಬಿನ ಮೇಲಿಟ್ಟು ಮಲಗಿದ್ದಳು, ಖಾಲಿ ಹಣೆಯಲ್ಲಿ ಯಾರೋ ಬೇರೆಯವಳಂತೆ ಕಂಡಳು. ನನ್ನ ಕೈ ಹಿಡಿದು ಅತ್ತಳು. ದಿನ ತುಂಬಿ ಹೆಣ್ಣುಮಗು ಹುಟ್ಟಿತು, ಇಬ್ಬರೂ ಚೆನ್ನಾಗಿದ್ದರು. ಆ ಆರು ವಾರ ನಾನು ಅನ್ನಕ್ಕಿಟ್ಟೆ, ಸಾರು ಕುದಿಸಿದೆ, ಕೂಸಿನ ಬಟ್ಟೆ ಮಡಚಿದೆ. ಹೊರಗೆಲ್ಲ ಬಿಳಿ, ದನಿಯೇ ಇಲ್ಲ. ಅದಕ್ಕಿಂತ ಸುಖದ ದಿನಗಳನ್ನು ನಾನು ಕಂಡಿಲ್ಲ, ಮತ್ತು ಒಂದು ದಿನವೂ ನೆಮ್ಮದಿಯಿಂದ ನಿದ್ದೆ ಮಾಡಲಿಲ್ಲ.

ಒಂದು ಮಧ್ಯಾಹ್ನ ಅಕ್ಕನಿಗೆ ಎಲ್ಲ ಹೇಳಿದೆ. ಅವಳು ಕೂಸನ್ನು ತೊಡೆಯ ಮೇಲೆ ತಟ್ಟುತ್ತ ಕೇಳಿಸಿಕೊಂಡಳು.

"ನಾ ಬಾ ಬಾ ಅಂತ ಜೀವಾ ತಿಂದೆ" ಎಂದಳು. "ಹೋದ ಕೂಡಲೆ ಅವರಿಗೆ ಖರೇ ಹೇಳಿಬಿಡು. ನನ್ನ ಹೆಸರ್ಲೆ ಹೇಳು ಬೇಕಾದ್ರ."

ಹೇಳಲೇಬೇಕೆಂದು ವಿಮಾನದುದ್ದಕ್ಕೂ ಜರ್ಮನ್ ವಾಕ್ಯಗಳನ್ನು ಜೋಡಿಸಿಕೊಂಡು ಬಂದೆ. ಸೂಟ್‌ಕೇಸ್ ಎಳೆದುಕೊಂಡು ಮೆಟ್ಟಿಲು ಹತ್ತುವಾಗ ಕಾಕಾ ಎದುರಿಗೆ ಇಳಿದು ಬರುತ್ತಿದ್ದರು, ಕೈಯಲ್ಲಿ ಬಟ್ಟೆಯ ಚೀಲ. ಮೆಟ್ಟಿಲಲ್ಲಿ ಬೇರೆ ಯಾರೂ ಇರಲಿಲ್ಲ. ನಾನು ನಿಂತೆ.

"ಕಾಕಾ, ಹೆಣ್ಣು ಹುಟ್ಟಿದೆ" ಎಂದೆ. "ನಿಮಗೊಂದು ವಿಷಯ ಹೇಳಬೇಕು."

ಅವರ ಮುಖ ಒಂದು ಕ್ಷಣ ಬೆಳಗಿತು. ಹೌದು, ಅದನ್ನು ನಾನು ಕಂಡೆ. ಆಮೇಲೆ ಅವರು ಮೆಟ್ಟಿಲಿನ ಮೇಲ್ಗಡೆ ನೋಡಿದರು, ಬಗ್ಗಿ ಕೆಳಗೆ ನೋಡಿದರು, ನನಗೆ ದಾರಿ ಬಿಟ್ಟು ಗೋಡೆಗೆ ಸರಿದು ನಿಂತರು.

"ಮೋಯಿನ್" ಎಂದರು. ಆ ಊರಿನಲ್ಲಿ ದಾರಿಯಲ್ಲಿ ಎದುರಾದ ಯಾರಿಗೆ ಬೇಕಾದರೂ ಎಸೆಯುವ ನಮಸ್ಕಾರ ಅದು. ಅಂದು, ಕಟಕಟೆ ಹಿಡಿದು ಇಳಿದು ಹೋದರು.

ಆ ಮನೆಯಲ್ಲಿ ನಾನು ಇನ್ನೂ ಮೂರು ವರ್ಷ ಇದ್ದೆ. ಎರಡು ಸಲ ಅವರ ಬಾಗಿಲವರೆಗೆ ಹೋಗಿ ಗಂಟೆಯ ಮೇಲೆ ಬೆರಳಿಟ್ಟು ತೆಗೆದೆ. ಅವರು ಒಂದು ಸಲವೂ ತಪ್ಪದೆ, ಯಾರೂ ಇಲ್ಲದಾಗಲೂ, ನನ್ನನ್ನು ಅರಿಯದವರಂತೆ ನಡೆದುಕೊಂಡು ನನ್ನನ್ನು ಕಾಪಾಡಿದರು. ನಾನೂ ಮೋಯಿನ್ ಎನ್ನುತ್ತಿದ್ದೆ.